ಬಾಗಿಲ ದೇವರು ಸತ್ತ ಗುರುವಾರ

ಡುಲೂತಿನಲ್ಲಿ ಅಂದು ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಲಾಂಡ್ರಿಯ ನೆಲಮಾಳಿಗೆ;
ತಲೆಯ ಮೇಲೆ ಯಾರದೋ ಹಾಸಿಗೆವಸ್ತ್ರ ಗಿರಗಿರ ತಿರುಗುವ ಸದ್ದು,
ಮೇಜಿನ ಮೇಲೆ ನಕಾಶೆ, ಚಿಪ್ಸಿನ ಪುಡಿ, ನಮ್ಮ ಮೊಣಕೈಗಳು.

ವರ್ನಾ ಕನ್ನಡಕ ತೆಗೆದಳು.
ಮೂವತ್ತು ವರ್ಷ ಅದಿರಿನ ಕಟ್ಟೆಯಲ್ಲಿ ಕ್ರೇನು ನಡೆಸಿದ ಕೈ
ರಟ್ಟಿನ ಮರೆಯ ಹಿಂದೆ ಒಂದು ಚೀಟಿ ಮಡಿಸಿತು.
'ಓರ್ವೆತ್ ಸತ್ತ,' ಎಂದಳು.
'ನಿನ್ನೆ ರಾತ್ರಿ. ನೀವು ಮಲಗಿದ್ದಿರಿ.'

ಅಷ್ಟೇ.
ಯುದ್ಧವಿಲ್ಲ, ಸಿಡಿಲಿಲ್ಲ,
ದಾಳ ಎಸೆಯಲೂ ಬಿಡಲಿಲ್ಲ ನಮಗೆ.
ಒಂಬತ್ತು ವರ್ಷ, ಪ್ರತಿ ಗುರುವಾರ,
ಹೊಸ್ತಿಲು ಕಂಡಲ್ಲೆಲ್ಲ ಅವನ ಹೆಸರು ಹೇಳಿ
ಬಲಗಾಲಿಟ್ಟವರು ನಾವು.

ಮೊದಲು ಬಾಯಿಬಿಟ್ಟವನು ಡೆಲ್ಬರ್ಟ್, ನಮ್ಮ ಕೊಡಲಿವೀರ,
ಹಗಲಲ್ಲಿ ವಿಮೆ ಕಂಪನಿಯ ಗುಮಾಸ್ತ:
'ಹೆಣ ಎಷ್ಟುದ್ದ?'
'ಮೂರು ದಿನದ ನಡಿಗೆ.
ಎಡಗೈ ಬಳಿ ಉಪ್ಪಿನವರು ಆಗಲೇ ಡೇರೆ ಹಾಕಿದ್ದಾರೆ.
ಉಗುರಿಗೆ ಒಳ್ಳೆ ಬೆಲೆ. ಕಣ್ಣುಗಳದ್ದು ವ್ಯಾಜ್ಯ ನಡೆದಿದೆ.'

ನಾನು ಕಳ್ಳ. ಆಟದಲ್ಲಿ.
ಬೀಗವೇ ನನ್ನ ಅನ್ನ.
ಅಂದಿನಿಂದ ಮುಚ್ಚಿದ ಬಾಗಿಲು ತೆರೆಯದು, ತೆರೆದದ್ದು ಮುಚ್ಚದು.
ಹೆರಿಗೆಯ ಕೋಣೆಯ ಹೊರಗೆ ಗಂಡಂದಿರು ನಿಂತೇ ಇದ್ದರು.
ಸೆರೆಮನೆ ಹಾರುಹೊಡೆದಿತ್ತು;
ಕೈದಿಗಳು, ಪಾಪ, ನಂಬದೆ ಒಳಗೇ ಕೂತಿದ್ದರು.

ದೇವರು ಸತ್ತರೆ ಸೂತಕ ಎಷ್ಟು ದಿನ?
ಹೆಗಲು ಕೊಡುವವರು ಯಾರು?
ಯಾವ ದೇವರಿಗೆ ಹರಕೆ ಹೊತ್ತು
ಈ ದೇವರ ಸದ್ಗತಿ ಕೇಳುವುದು?
ನಿಯಮದ ಪುಸ್ತಕ ತಿರುವಿ ಹಾಕಿದಳು ಇಂಕೇರಿ,
ಮುನ್ನೂರು ಪುಟ:
ಕುದುರೆಯ ಬಾಡಿಗೆ ಇದೆ, ಹಗ್ಗದ ತೂಕ ಇದೆ,
ಇದು ಇಲ್ಲ.

ಪಾ ಹುವಾ ಮಾತಾಡಿರಲಿಲ್ಲ.
ಅವಳು ಓರ್ವೆತನ ಪೂಜಾರಿಣಿ; ಊರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ದಾದಿ.
ಅವಳ ಹಾಳೆಯಲ್ಲಿ ಹನ್ನೊಂದು ಮಂತ್ರ, ಪೆನ್ಸಿಲಿನಲ್ಲಿ:
ಗಾಯ ಕೂಡಿಸುವುದು, ಕತ್ತಲಲ್ಲಿ ದಾರಿ,
ಒಂದೇ ಒಂದು ಸಲ ಸಾವನ್ನು ಮುಂದೂಡುವುದು.
'ಅಳಿಸಿಬಿಡು,' ಎಂದ ಡೆಲ್ಬರ್ಟ್.
'ಬೇರೆ ದೇವರನ್ನು ಹಿಡಿ. ಕಡಲಿನವಳು ಇನ್ನೂ ಗಟ್ಟಿಮುಟ್ಟಾಗಿದ್ದಾಳೆ.'
ರಬ್ಬರು ಅವಳತ್ತ ನೂಕಿದ, ಕೆಟ್ಟ ಮನಸ್ಸಿನಿಂದೇನಲ್ಲ.

'ಅವನಿಗೆ ಗೊತ್ತಿತ್ತಾ?' ಎಂದು ಕೇಳಿದಳು ಅವಳು.
'ಗೊತ್ತಿತ್ತು,' ಎಂದಳು ವರ್ನಾ.
'ಅದಕ್ಕೇ ಹೋದ ವಾರ ನಿನ್ನ ಮೊರೆಗೆ ಉತ್ತರ ತಡವಾಗಿ ಬಂತು.'
ಹೋದ ವಾರ ನಾವು
ವರ್ನಾಗೆ ತೂಕಡಿಕೆ ಎಂದು ನಕ್ಕಿದ್ದೆವು.

ಆಮೇಲೆ ಕಥೆ ನಡೆಯಿತು, ನಡೆಯಲೇಬೇಕಲ್ಲ.
ಕಿಟಕಿಯಿಂದ ಇಳಿಯಲು ಕಲಿತೆ. ಗೋಡೆ ಕೆಡವುವ ಕೂಲಿ ಏರಿತು.
ಹಳ್ಳಿಯ ಜನ ಕಾಲು ಎಡವಿದರೆ ಈಗಲೂ
'ಓರ್ವೆತಾ' ಎನ್ನುತ್ತಾರೆ,
ನಾಲಿಗೆಗೆ ಸುದ್ದಿ ಇನ್ನೂ ತಲುಪಿಲ್ಲ.

ಪಾ ಹುವಾ ಮಾತ್ರ ತನ್ನ ಸರದಿ ಬಂದಾಗಲೆಲ್ಲ
ಮೊದಲು ಅವನನ್ನೇ ಕರೆಯುತ್ತಾಳೆ.
ಇಪ್ಪತ್ತು ಮುಖದ ದಾಳ ಉರುಳಿ ಉರುಳಿ ನಿಲ್ಲುತ್ತದೆ.
ಎರಡು. ಹದಿನೇಳು. ಒಮ್ಮೆ ಇಪ್ಪತ್ತೇ ಬಿತ್ತು.
'ಏನೂ ಆಗಲಿಲ್ಲ,' ಎನ್ನುತ್ತಾಳೆ ವರ್ನಾ.
ಪಾ ಹುವಾ ತಲೆಯಾಡಿಸಿ ಗದೆ ಎತ್ತಿಕೊಳ್ಳುತ್ತಾಳೆ.

ಆದರೆ ನಾನು ಕಳ್ಳ, ಕಿವಿ ಚುರುಕು.
ಪ್ರತಿ ಸಲವೂ ಮರೆಯ ಹಿಂದೆ
ಇನ್ನೊಂದು ದಾಳ ಬೀಳುತ್ತದೆ, ನಾಲ್ಕು ಮುಖದ್ದು;
ಅದು ಉರುಳುವುದಿಲ್ಲ, ದೊಪ್ಪೆಂದು ಕೂತುಬಿಡುತ್ತದೆ.
ವರ್ನಾ ಚೀಟಿಯ ಮೇಲೆ ಏನೋ ಗೀಚಿ ಮತ್ತೆ ಮಡಿಸುತ್ತಾಳೆ.
ನಾನು ಯಾರಿಗೂ ಹೇಳಿಲ್ಲ.

ಮೊನ್ನೆ ಆಟ ಮುಗಿದು ಮೆಟ್ಟಿಲು ಹತ್ತಿದರೆ
ಹಿಮ ಕಚ್ಚಿ ಬೀದಿಬಾಗಿಲು ಅಲುಗಲೊಲ್ಲದು.
ಡೆಲ್ಬರ್ಟ್ ಒದ್ದ, ಬೈದ.
ಕೊನೆಗೆ ಐವರೂ ಸಾಲಾಗಿ ನಿಂತು
ಹೆಗಲು ಕೊಟ್ಟೆವು.
ಯಾರೋ ಹೆಸರು ಹೇಳಿದರು, ಮೆಲ್ಲಗೆ.
ಯಾರೆಂದು ನಾವು ಕೇಳಿಕೊಳ್ಳಲಿಲ್ಲ.